ಅಪ್ಪನ ಪದ್ಮಿನಿಗೆ ನಲವತ್ತು ಸಾವಿರ

ನಮ್ಮ ಮನೆಯಲ್ಲಿ 1979ರ ಮಾದರಿಯ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇದೆ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಅದನ್ನು 1986ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಅವರು ಹೋದ ಮೇಲೆ ನಾನು ಅದನ್ನು ಮೈಸೂರಿಗೆ ತಂದು, ಎರಡು ವರ್ಷ ಮೇಸ್ತ್ರಿಯ ಹಿಂದೆ ಅಲೆದು, ತಳದ ತುಕ್ಕು ಬಿಡಿಸಿ, ಎಂಜಿನ್ ಬಿಚ್ಚಿ ಕಟ್ಟಿಸಿ, ಅಪ್ಪನ ಕಾಲದ ತಿಳಿನೀಲಿ ಬಣ್ಣವನ್ನೇ ಮತ್ತೆ ಹೊಡೆಸಿದೆ. ಈ ಕೆಲಸಕ್ಕೆ ಆದ ಖರ್ಚಿನ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೆನಾದರೂ, ಅವು ವಿಮೆಯ ವಿಚಾರದಲ್ಲಿ ಕೆಲಸಕ್ಕೆ ಬರುತ್ತವೆ ಎಂಬ ಯೋಚನೆ ಆಗ ನನಗೆ ಇರಲಿಲ್ಲ.

ವಿಮೆಯನ್ನು ಪ್ರತಿವರ್ಷ ಏಜೆಂಟರೇ ಮಾಡಿಸಿಕೊಡುತ್ತಿದ್ದರು. ನಾನು ಫುಲ್ ಇನ್ಶೂರೆನ್ಸ್ ಬೇಕೆಂದಾಗ ಅವರು, "ಸಾ, ಈ ಗಾಡಿಗೆ ಫುಲ್ ಯಾಕ್ ಸಾ, ಥರ್ಡ್ ಪಾರ್ಟಿ ಸಾಕು ಬುಡಿ" ಎಂದಿದ್ದರು. ಥರ್ಡ್ ಪಾರ್ಟಿ ಎಂದರೆ ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ ಮಾತ್ರ, ಫುಲ್ ಎಂದರೆ ನಮ್ಮ ಕಾರಿನ ಹಾನಿಗೂ. ನಾನು ಹಟ ಹಿಡಿದದ್ದರಿಂದ ಫುಲ್ ಮಾಡಿಸಿಕೊಟ್ಟರು. ಪಾಲಿಸಿಯ ಮೊದಲ ಪುಟದಲ್ಲಿ ಐಡಿವಿ, ಅಂದರೆ ವಿಮೆಯ ಲೆಕ್ಕಕ್ಕೆ ಕಾರಿಗೆ ಕಟ್ಟಿದ ಬೆಲೆ, ಎಂಬುದರ ಎದುರು 40,000 ರೂಪಾಯಿ ಎಂದು ಅಚ್ಚಾಗಿತ್ತು. ಪ್ರೀಮಿಯಂ ಕಡಿಮೆ ಬಂದಿದೆ ಎಂಬ ಖುಷಿಯಲ್ಲಿ ನಾನು ಆ ಅಂಕಿಯ ಮೇಲೆ ಕಣ್ಣಾಡಿಸಿ ಮುಂದೆ ಹೋದೆ. ಈ ಬರಹ ಆ ಒಂದು ಅಂಕಿಯ ಬಗ್ಗೆ.

ಒಂದು ಮೇ ತಿಂಗಳ ಸಂಜೆ ಸರಸ್ವತಿಪುರಂನಲ್ಲಿ ಬಿರುಗಾಳಿ ಮಳೆ ಬಂದು, ರಸ್ತೆಬದಿಯ ಗುಲ್‌ಮೊಹರ್ ಮರದ ಕೊಂಬೆಯೊಂದು ಕಾರಿನ ಮೇಲೆ ಬಿತ್ತು. ಮುಂದಿನ ಗಾಜು ಪುಡಿಯಾಯಿತು, ಬಾನೆಟ್ ನಡುವೆ ತಗ್ಗಾಯಿತು, ಚಾವಣಿಯ ಮುಂಭಾಗ ಸ್ವಲ್ಪ ಕುಸಿಯಿತು. ಮೇಸ್ತ್ರಿ ನೋಡಿ, ಗಾಜನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕೆಂದೂ, ಉಳಿದದ್ದು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸವೆಂದೂ ಹೇಳಿ, 38,500 ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಬಿರುಗಾಳಿಯಿಂದಾದ ಹಾನಿ ಫುಲ್ ಪಾಲಿಸಿಯಲ್ಲಿ ಸೇರಿರುವುದರಿಂದ ನಾನು ನೆಮ್ಮದಿಯಾಗಿಯೇ ಇದ್ದೆ. ಹಾನಿ ಅಳೆಯಲು ವಿಮಾ ಕಂಪನಿಯ ಕಡೆಯ ಸರ್ವೇಯರ್ ಬಂದರು, ಫೋಟೊ ತೆಗೆದರು, ನಾಲ್ಕು ದಿನ ಬಿಟ್ಟು ಫೋನ್ ಮಾಡಿ, "ಇದು ಟೋಟಲ್ ಲಾಸ್ ಆಗುತ್ತದೆ" ಎಂದರು.

ಆಮೇಲೆ ಪಾಲಿಸಿಯ ಷರತ್ತುಗಳನ್ನು ಕೂತು ಓದಿದಾಗ ಅವರು ಹೇಳಿದ್ದು ಸರಿಯೇ ಎಂದು ತಿಳಿಯಿತು. ರಿಪೇರಿಯ ಖರ್ಚು ಐಡಿವಿಯ ಶೇಕಡ 75ನ್ನು ಮೀರಿದರೆ ಕಾರನ್ನು ಪೂರ್ತಿ ನಷ್ಟವಾದದ್ದೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 40,000ಕ್ಕೆ ಶೇಕಡ 75 ಎಂದರೆ 30,000. ನನ್ನ ಎಸ್ಟಿಮೇಟ್ ಅದನ್ನು ದಾಟಿತ್ತು. ಎಂಜಿನ್ ತಿರುಗುತ್ತಿದ್ದ, ನಾಲ್ಕೂ ಚಕ್ರ ಉರುಳುತ್ತಿದ್ದ, ಗ್ಯಾರೇಜಿಗೆ ನಾನೇ ಓಡಿಸಿಕೊಂಡು ಹೋಗಬಹುದಾಗಿದ್ದ ಕಾರು ಕಾಗದದ ಮೇಲೆ ಗುಜರಿಯಾಯಿತು. ಕಾರು ನಿಮಗೇ ಬೇಕಾದರೆ ಇಟ್ಟುಕೊಳ್ಳಿ, ಅದರ ಗುಜರಿ ಬೆಲೆ 22,000 ಮತ್ತು ಕ್ಲೇಮಿನಲ್ಲಿ ಮಾಲೀಕನೇ ಹೊರಬೇಕಾದ ಕಡ್ಡಾಯ ಕಡಿತ 1,000 ಕಳೆದು 17,000 ಕೊಡುತ್ತೇವೆ, ಆದರೆ ಆರ್‌ಸಿ ರದ್ದು ಮಾಡಿಸಿ ಕಾಗದ ತಂದುಕೊಡಿ ಎಂದು ಕಂಪನಿಯವರು ಹೇಳಿದರು. ನನ್ನ ಕಾರನ್ನು ನನಗೇ 22,000ಕ್ಕೆ ಮಾರಿ, ಅದನ್ನು ರಸ್ತೆಗೆ ಇಳಿಸಬೇಡ ಎಂದಂತಾಯಿತು. ನಾನು ಕ್ಲೇಮ್ ಹಿಂತೆಗೆದುಕೊಂಡು, ಕೈಯಿಂದಲೇ ದುಡ್ಡು ಹಾಕಿ ರಿಪೇರಿ ಮಾಡಿಸಿದೆ.

ಕಂಪನಿಯ ಮೇಲೆ ನನಗೆ ಆಗ ಇದ್ದಷ್ಟು ಕೋಪ ಈಗಿಲ್ಲ. ಹೊಸ ಕಾರಿನ ಐಡಿವಿಗೆ ಒಂದು ಕೋಷ್ಟಕವಿದೆ: ಆರು ತಿಂಗಳೊಳಗೆ ಶೇಕಡ 5 ಸವಕಳಿ, ಒಂದು ವರ್ಷದವರೆಗೆ 15, ಹಾಗೆಯೇ ಏರುತ್ತಾ ಐದನೆಯ ವರ್ಷಕ್ಕೆ 50. ಕೋಷ್ಟಕ ಅಲ್ಲಿಗೆ ನಿಲ್ಲುತ್ತದೆ. ಐದು ವರ್ಷ ದಾಟಿದ ವಾಹನಕ್ಕೆ ಮತ್ತು ತಯಾರಿಕೆ ನಿಂತುಹೋದ ಮಾದರಿಗೆ ಐಡಿವಿಯನ್ನು ವಿಮಾ ಕಂಪನಿ ಮತ್ತು ಮಾಲೀಕ ಇಬ್ಬರೂ ಸೇರಿ ಒಪ್ಪಿಕೊಳ್ಳಬೇಕು ಎಂದು ಅದೇ ಷರತ್ತಿನಲ್ಲಿ ಬರೆದಿದೆ. ಅಂದರೆ ನನ್ನ ಕಾರಿಗೆ 40,000 ಎಂಬ ಬೆಲೆಯನ್ನು ಕಂಪನಿ ಒಂದೇ ಕಟ್ಟಲಿಲ್ಲ, ಸುಮ್ಮನಿದ್ದು ನಾನೂ ಕಟ್ಟಿದೆ. ಕಂಪ್ಯೂಟರ್ ಒಂದು ಅಂಕಿಯನ್ನು ಮುಂದಿಟ್ಟಿತು, ಏಜೆಂಟರು ಅದನ್ನು ದಾಟಿಸಿದರು, ನಾನು ದುಡ್ಡು ಕಟ್ಟಿ ಒಪ್ಪಿಗೆ ಕೊಟ್ಟೆ.

ಅದೇ ಷರತ್ತಿನ ಇನ್ನೊಂದು ಸಾಲು ಹಳೆಯ ಕಾರಿನವರಿಗೆ ಬಹಳ ಮುಖ್ಯ. ಒಮ್ಮೆ ಒಪ್ಪಿಕೊಂಡ ಐಡಿವಿಯನ್ನು, ಪೂರ್ತಿ ನಷ್ಟ ಅಥವಾ ಕಳವಿನ ಸಂದರ್ಭದಲ್ಲಿ, ಆ ಪಾಲಿಸಿಯ ಅವಧಿಯುದ್ದಕ್ಕೂ ಮತ್ತೆ ಸವಕಳಿ ಕಳೆಯದೆ ಮಾರುಕಟ್ಟೆ ಬೆಲೆ ಎಂದೇ ಪರಿಗಣಿಸಬೇಕು. ಅಮೆರಿಕದಲ್ಲಿರುವ ನನ್ನ ಭಾವಮೈದ ತನ್ನ ಹಳೆಯ ಕಾರಿಗೆ, ಮೊದಲೇ ಒಪ್ಪಿಕೊಂಡ ಬೆಲೆಯನ್ನು ಪೂರ್ತಿ ಕೊಡುವಂಥ ವಿಶೇಷ ವಿಮೆ ಮಾಡಿಸಿದ್ದಾನೆ. ಅದಕ್ಕೆ ಕಾರನ್ನು ಬಾಗಿಲಿರುವ ಶೆಡ್ಡಿನಲ್ಲಿಡಬೇಕು, ದಿನಬಳಕೆಗೆ ಬೇರೆ ಕಾರು ಇರಬೇಕು ಎಂಬಂಥ ಷರತ್ತುಗಳಿವೆಯಂತೆ. ನಮ್ಮಲ್ಲಿ ಅಂಥ ವಿಮೆ ಇಲ್ಲವಲ್ಲ ಎಂದು ಕೊರಗುವವರನ್ನು ಕಂಡಿದ್ದೇನೆ. ಪೂರ್ತಿ ನಷ್ಟದ ಮಟ್ಟಿಗೆ ಅದರ ತಿರುಳು ನಮ್ಮ ಸಾಮಾನ್ಯ ಪಾಲಿಸಿಯಲ್ಲೇ ಇದೆ, ಆ ಬೆಲೆಯನ್ನು ಕೇಳಿ ಹಾಕಿಸಿಕೊಳ್ಳಬೇಕು ಅಷ್ಟೆ.

ಮರುವರ್ಷ ನಾನು ಕೇಳಿದೆ. ಫೈಲಿನಲ್ಲಿದ್ದ ಬಿಲ್ಲುಗಳ ನಕಲು, ಒಳಗೂ ಹೊರಗೂ ತಳಕ್ಕೂ ತೆಗೆದ ಫೋಟೊಗಳು, ಮೌಲ್ಯಮಾಪಕರೊಬ್ಬರ ವರದಿ, ಜೊತೆಗೆ 2,75,000 ರೂಪಾಯಿ ಐಡಿವಿ ಬೇಕೆಂಬ ಒಂದು ಪುಟದ ಪತ್ರ, ಇಷ್ಟನ್ನೂ ಹಿಡಿದುಕೊಂಡು ಶಾಖೆಗೆ ಹೋದೆ. ಪಾಲಿಸಿ ಮುಗಿಯಲು ಇನ್ನೂ ಮೂರು ವಾರ ಇರುವಾಗಲೇ ಹೋಗಿದ್ದು ಒಳ್ಳೆಯದಾಯಿತು, ಏಕೆಂದರೆ ಎರಡು ಸಲ ವಾಪಸ್ ಕಳಿಸಿದರು. ಮೂರನೆಯ ಸಲ ಅಲ್ಲಿನ ಅಧಿಕಾರಿ ಮೇಡಂ ಒಬ್ಬರು ಮನೆಗೇ ಪರಿಶೀಲನೆಗೆ ಬಂದರು. ಬಾನೆಟ್ ಎತ್ತಿಸಿ, ಮೊಬೈಲಿನ ಟಾರ್ಚ್ ಹಿಡಿದು, ಛಾಸಿ ನಂಬರಿನ ಮೇಲೆ ಬಿಳಿ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದರು. ನಂಬರಿನ ಕೊನೆಯ ಎರಡು ಅಂಕಿ ನನ್ನ ಪೇಂಟರ್ ಬಳಿದ ದಪ್ಪ ಬಣ್ಣದಡಿ ಮುಚ್ಚಿಹೋಗಿದ್ದವು. ನಾನು ಥಿನ್ನರ್ ಬಟ್ಟೆಯಿಂದ ಒರೆಸಿ ಒರೆಸಿ ಅವು ಮೂಡುವವರೆಗೆ ಅವರು ಜಗಲಿಯ ಮೇಲೆ ಕೂತು ಕಾದರು. ಹೊಸದಾಗಿ ಬಣ್ಣ ಹೊಡೆಸುವವರು ಆ ಪಟ್ಟಿಗೆ ಮೊದಲು ಟೇಪ್ ಅಂಟಿಸಬೇಕು ಎಂಬುದು ಅಂದು ಕಲಿತ ಪಾಠ.

ದುಡ್ಡಿನ ಲೆಕ್ಕಕ್ಕೆ ಬರೋಣ. ಸ್ವಂತ ಕಾರಿನ ಹಾನಿಯ ಪ್ರೀಮಿಯಂ ದರವನ್ನು 2007ರಿಂದ ಕಂಪನಿಗಳಿಗೇ ಬಿಟ್ಟಿದ್ದಾರಾದರೂ, ಅದಕ್ಕಿಂತ ಹಿಂದೆ ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ದರಪಟ್ಟಿ, ಅಂದರೆ ಟ್ಯಾರಿಫ್, ಇಂದಿಗೂ ಒಂದು ಅಂದಾಜು ಕೊಡುತ್ತದೆ. ಅದರಲ್ಲಿ ಬೆಂಗಳೂರು ಸೇರಿ ಎಂಟು ಮಹಾನಗರಗಳು ಎ ವಲಯ, ಮೈಸೂರು ಮಂಡ್ಯಗಳಂಥ ಊರುಗಳು ಬಿ ವಲಯ. ಹತ್ತು ವರ್ಷ ಮೀರಿದ, ಪದ್ಮಿನಿಯ 1089 ಸಿಸಿಯಂಥ ಎಂಜಿನ್ನಿನ ಕಾರಿಗೆ ಬಿ ವಲಯದಲ್ಲಿ ಐಡಿವಿಯ ಶೇಕಡ 3.43. ಈ ದರದಲ್ಲಿ 40,000ದಿಂದ 2,75,000ಕ್ಕೆ ಏರಿದರೆ ವರ್ಷಕ್ಕೆ ಸುಮಾರು 8,000 ಹೆಚ್ಚಾಗುತ್ತದೆ, ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇಕಡ 50 ಇದ್ದವರಿಗೆ 4,000. ಕ್ಲೇಮ್ ಹಿಂತೆಗೆದುಕೊಂಡಿದ್ದರಿಂದ ನನ್ನ ಬೋನಸ್ ಉಳಿದಿತ್ತು. ಪಾಲಿಸಿ ಮುಗಿದು 90 ದಿನ ಕಳೆದರೆ ಈ ಬೋನಸ್ ಹೋಗುತ್ತದೆ, ಶೆಡ್ಡಿನಲ್ಲೇ ಇರುವ ಕಾರಿನವರು ಮರೆಯುವುದು ಇದನ್ನೇ.

ಐಡಿವಿ ಸರಿಹೋದ ಮಾತ್ರಕ್ಕೆ ರಿಪೇರಿ ಬಿಲ್ಲು ಪೂರ್ತಿ ಸಿಗುವುದಿಲ್ಲ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇಕಡ 50 ಕಡಿತ, ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗಳಿಗೂ 50. ಗಾಜಿಗೆ ಕಡಿತವಿಲ್ಲ. ಈ ಕಡಿತ ತಪ್ಪಿಸುವ ಜೀರೋ ಡೆಪ್ರಿಸಿಯೇಷನ್ ರಕ್ಷಣೆಯನ್ನು ಇಷ್ಟು ಹಳೆಯ ಕಾರಿಗೆ ಯಾರೂ ಕೊಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ ಕೂಲಿಗೆ ಕಡಿತವಿಲ್ಲ, ಮತ್ತು ಹಳೆಯ ಕಾರಿನ ರಿಪೇರಿಯಲ್ಲಿ ಬಹುಪಾಲು ಖರ್ಚು ಕೂಲಿಯದೇ. ನಮ್ಮ ಮೇಸ್ತ್ರಿಗಳು "ಬಾನೆಟ್ ಕೆಲಸ, ಒಟ್ಟು ಇಷ್ಟು" ಎಂದು ಒಂದೇ ಸಾಲಿನಲ್ಲಿ ಬರೆದುಕೊಡುತ್ತಾರೆ. ಸಾಮಾನು ಬೇರೆ, ಟಿಂಕರಿಂಗ್ ಕೂಲಿ ಬೇರೆ, ಬಣ್ಣದ ಸಾಮಗ್ರಿ ಬೇರೆ ಎಂದು ಬರೆಸಿಕೊಳ್ಳುವುದರಿಂದ ಸಾವಿರಾರು ರೂಪಾಯಿ ಉಳಿಯುತ್ತದೆ.

ವಿಂಟೇಜ್ ಎಂಬ ಪದದ ಬಗ್ಗೆಯೂ ಒಂದು ಮಾತು. ಹಳೆಯ ಟ್ಯಾರಿಫ್‌ಗೆ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾದದ್ದು. 2021ರ ಮೋಟಾರು ವಾಹನ ನಿಯಮಕ್ಕೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದದ್ದು. ನನ್ನದು ಎರಡಕ್ಕೂ ಸೇರದೆ ಬರೀ ಹಳೆಯ ಕಾರಾಗಿದೆ. ವಿಂಟೇಜ್ ಎಂದು ನೋಂದಾಯಿಸಿದವರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000ದಿಂದ 1500 ಸಿಸಿಯ ಕಾರಿಗೆ 3,416ರ ಬದಲು 1,708. ನೋಂದಣಿ ಶುಲ್ಕ ಹತ್ತು ವರ್ಷಕ್ಕೆ 20,000. ಜಿಎಸ್‌ಟಿ ಸೇರಿಸಿ ಹತ್ತು ವರ್ಷದ ಉಳಿತಾಯ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೇಲಾಗಿ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಮತ್ತು ರಿಪೇರಿಯಂಥ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಭಾನುವಾರ ಶ್ರೀರಂಗಪಟ್ಟಣದವರೆಗೆ ಹೋಗಿ ಬರುವ ನನ್ನಂಥವನಿಗೆ, ವಯಸ್ಸು ತುಂಬಿದರೂ ಅದು ಹೊಂದುವುದಿಲ್ಲ.

ಮೈಸೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರಲ್ಲಿ ನಾನು ಕಾಣುವ ದೊಡ್ಡ ಅಜಾಗರೂಕತೆ ಮದುವೆಯದು. ಹಾರ ಹಾಕಿದ ಪದ್ಮಿನಿಯಲ್ಲೋ ಅಂಬಾಸಿಡರ್‌ನಲ್ಲೋ ವಧೂವರರನ್ನು ಕೂರಿಸುವುದು ಈಗ ಎಲ್ಲೆಲ್ಲೂ ನಡೆದಿದೆ. ಪೆಟ್ರೋಲ್ ಖರ್ಚಿಗೆಂದು ಐದು ಸಾವಿರ ಕೈಗಿಡುತ್ತಾರೆ, ನಾವೂ ಸಂಕೋಚದಿಂದ ಇಸಿದುಕೊಳ್ಳುತ್ತೇವೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವಂತಿಲ್ಲ ಎಂದು ಸ್ಪಷ್ಟವಾಗಿದೆ. ಆ ದಿನ ಏನಾದರೂ ಆದರೆ ಕಂಪನಿ ಕೈ ಎತ್ತಲು ಅಷ್ಟು ಸಾಕು. ಸ್ನೇಹಿತರ ಮನೆಯ ಮದುವೆಗೆ ನಾನು ಕಾರು ಕೊಡುತ್ತೇನೆ, ಹಣ ಮುಟ್ಟುವುದಿಲ್ಲ, ಸ್ಟೀರಿಂಗೂ ಬಿಡುವುದಿಲ್ಲ. ಸ್ಟೀರಿಂಗ್ ಪಕ್ಕದ ಆ ಗೇರು ಈಗಿನ ಹುಡುಗರಿಗೆ ಅಭ್ಯಾಸವೂ ಇಲ್ಲ.

ಏಜೆಂಟರ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ರಿಪೇರಿ ಮಾಡಿಸದೆ ಶೆಡ್ಡಿನಲ್ಲಿ ನಿಂತಿರುವ, ಬಿಲ್ಲು ಫೋಟೊ ಯಾವುದೂ ಇಲ್ಲದ ಕಾರಿಗೆ ಕಾನೂನು ಬೇಡುವ ಥರ್ಡ್ ಪಾರ್ಟಿಯ ಜೊತೆ ಬೆಂಕಿ ಮತ್ತು ಕಳವಿನ ರಕ್ಷಣೆ ಸಿಕ್ಕರೆ ಸಾಕು. ನಲವತ್ತು ವರ್ಷದ ವೈರಿಂಗ್ ಮತ್ತು ಕಾರ್ಬೊರೇಟರ್‌ನಿಂದ ತೊಟ್ಟಿಕ್ಕುವ ಪೆಟ್ರೋಲ್ ಇರುವಾಗ ಬೆಂಕಿಯನ್ನು ಮಾತ್ರ ಬಿಡಬಾರದು. 40,000ದ ಐಡಿವಿ ಇಟ್ಟುಕೊಂಡು ಫುಲ್ ಇನ್ಶೂರೆನ್ಸ್ ಎಂದು ಬೀಗುವುದಕ್ಕಿಂತ ಅದು ಎಷ್ಟೋ ವಾಸಿ.

ಈ ವರ್ಷದ ನವೀಕರಣದ ಸಂದೇಶ ಮೊನ್ನೆ ಮೊಬೈಲಿಗೆ ಬಂತು. ನಾನೇನೂ ಹೇಳದಿದ್ದರೂ ಐಡಿವಿ 2,75,000ದಿಂದ 2,20,000ಕ್ಕೆ ಇಳಿದಿದೆ, ಕೆಳಗೆ ಹಣ ಕಟ್ಟುವ ಹಸಿರು ಬಟನ್ ಇದೆ. ಸೋಮವಾರ ಫೈಲ್ ಹಿಡಿದುಕೊಂಡು ಶಾಖೆಗೆ ಹೋಗಬೇಕು.