ಕೋಡ್ ಬರೆಯುವವರನ್ನು ಅರಿಯುವ ದಾರಿ ಯಾವುದು?

ಪ್ರಶ್ನೆ: ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಶೋಧನೆಗೆ ಸಂದರ್ಶನ, ಪ್ರಶ್ನಾವಳಿ, ಕ್ಷೇತ್ರಕಾರ್ಯದಂಥ ಸಮಾಜ ವಿಜ್ಞಾನದ ವಿಧಾನಗಳನ್ನು ತರುವುದು ಸರಿಯೇ?

ಪರ: ಪಕ್ಕದಲ್ಲಿ ಕೂತು ನೋಡದೆ ತಿಳಿಯದು

ಎರಡೇ ಸಾಲಿನ ಬದಲಾವಣೆ. ಬಡ್ಡಿ ಲೆಕ್ಕ ಹಾಕುವ ಕಡೆ ಒಂದು ದಿನಾಂಕ ತಪ್ಪಿತ್ತು, ಅದನ್ನು ಸರಿಪಡಿಸಬೇಕಿತ್ತು. ಟಿಕೆಟ್, ಅಂದರೆ ಆ ಕೆಲಸದ ದಾಖಲೆ, ತೆರೆದದ್ದು ಮಂಗಳವಾರ, ಮುಚ್ಚಿದ್ದು ಮುಂದಿನ ವಾರದ ಗುರುವಾರ. ದಾಖಲೆಯಲ್ಲಿ ಉಳಿದದ್ದು ಇಷ್ಟೇ: ಎರಡು ಸಾಲು, ಒಂಬತ್ತು ದಿನ.

ಆಗ ನನ್ನ ಮೇಜು ಆ ಹುಡುಗಿಯ ಪಕ್ಕದಲ್ಲೇ ಇತ್ತು. ಮೊದಲ ದಿನ ಮಧ್ಯಾಹ್ನವೇ ಅವಳು ಬದಲಾವಣೆ ಮಾಡಿ ಮುಗಿಸಿದ್ದಳು. ಆದರೆ ಆ ಭಾಗ ಬರೆದವರು ಕೆಲಸ ಬಿಟ್ಟು ವರ್ಷವಾಗಿತ್ತು. ಹಳೆಯ ಸಾಲು ಹಾಗೇಕಿದೆ, ತೆಗೆದರೆ ಇನ್ನೆಲ್ಲಿ ಏನು ಮುರಿಯುತ್ತದೆ ಎಂದು ಗೊತ್ತಿದ್ದವರು ಒಬ್ಬರೇ ಹಿರಿಯರು. ಅವರನ್ನು ಕೇಳಿದರೆ 'ಇಷ್ಟೂ ಗೊತ್ತಿಲ್ವಾ' ಅಂದುಬಿಟ್ಟರೆ ಎಂಬ ಅಂಜಿಕೆ. ಮೆಸೇಜ್ ಟೈಪ್ ಮಾಡುವುದು, ಅಳಿಸುವುದು, ಮತ್ತೆ ಟೈಪ್ ಮಾಡುವುದು ನಡೆದೇ ಇತ್ತು. ಕೊನೆಗೆ ಮಾತು ಹೊರಬಿದ್ದದ್ದು ಕ್ಯಾಂಟೀನಿನಲ್ಲಿ, ಬಿಸಿಬೇಳೆಬಾತ್ ತಟ್ಟೆಯ ಮುಂದೆ: 'ಸರ್, ಒಂದು ಸಣ್ಣ ಡೌಟು.' ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು.

ಆ ಅಂಜಿಕೆ ಯಾವ ಕಮಿಟ್‌ನಲ್ಲಿ, ಅಂದರೆ ಕೋಡ್ ಬದಲಾವಣೆಯ ಯಾವ ದಾಖಲೆಯಲ್ಲಿದೆ? ಸಾವಿರ ಪ್ರಾಜೆಕ್ಟ್‌ಗಳ ಇತಿಹಾಸವನ್ನು ಜಾಲಾಡಿದರೂ 'ಒಂಬತ್ತು ದಿನ' ಸಿಗುತ್ತದೆಯೇ ಹೊರತು ಅದಕ್ಕೆ ಕಾರಣ ಸಿಗುವುದಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಪರಿಹಾರವೂ ತಪ್ಪುತ್ತದೆ. ಅಲ್ಲಿ ಬೇಕಿದ್ದದ್ದು ಇನ್ನೊಂದು ಟೂಲ್ ಅಲ್ಲ, ಸಂಕೋಚವಿಲ್ಲದೆ ಪ್ರಶ್ನೆ ಕೇಳಬಹುದಾದ ವಾತಾವರಣ.

ನಮ್ಮ ನೆಲದಲ್ಲೇ ಇದಕ್ಕೊಂದು ಪಾಠವಿದೆ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇದ್ದರು. ತಮ್ಮ ಬರಹಗಳಲ್ಲಿ ಅದನ್ನು ರಾಮಪುರ ಎಂದು ಕರೆದರು. ಗ್ರಂಥಗಳು ಹೇಳುವ ನಾಲ್ಕು ವರ್ಣಗಳ ಲೆಕ್ಕವೇ ಬೇರೆ, ಕಣದಲ್ಲಿ, ಜಗಲಿಯಲ್ಲಿ, ಪಂಚಾಯ್ತಿಯಲ್ಲಿ ನಡೆಯುವ ಜಾತಿಯ ವ್ಯವಹಾರವೇ ಬೇರೆ ಎಂಬುದನ್ನು ತೋರಿಸಿಕೊಟ್ಟರು. ಪುಸ್ತಕದ ನೋಟವನ್ನು ಬಿಟ್ಟು ಕ್ಷೇತ್ರದ ನೋಟಕ್ಕೆ ಬನ್ನಿ ಎಂಬುದು ಅವರ ಒತ್ತಾಯವಾಗಿತ್ತು. ಸಾಫ್ಟ್‌ವೇರ್ ಕಂಪನಿಗಳಿಗೂ ಅವುಗಳದೇ ಗ್ರಂಥವಿದೆ, ಪ್ರೊಸೆಸ್ ಡಾಕ್ಯುಮೆಂಟ್ ಅಂತ. ಇನ್ನೊಬ್ಬರು ಓದಿ ನೋಡುವ ರಿವ್ಯೂ ಆಗದೆ ಕೋಡ್ ಮುಂದೆ ಹೋಗದು ಎಂದು ಅದರಲ್ಲಿ ಬರೆದಿರುತ್ತದೆ. ರಿಲೀಸಿನ ಹಿಂದಿನ ರಾತ್ರಿ ಹನ್ನೊಂದಕ್ಕೆ ಏನಾಗುತ್ತದೆ ಎಂಬುದು ಅಲ್ಲಿ ಕೂತವರಿಗೇ ಗೊತ್ತು.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಒಂದು ಮಾತು ಹೇಳಿದ್ದರು: ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಆ ಸಂಸ್ಥೆ ಕಟ್ಟುವ ವ್ಯವಸ್ಥೆಯೂ ಅದೇ ಆಕಾರ ತಾಳುತ್ತದೆ. ಸಾಬೀತು ಮಾಡಿಲ್ಲ ಎಂದು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಆ ಲೇಖನವನ್ನು ಹಿಂದಿರುಗಿಸಿತ್ತು. ನಲವತ್ತು ವರ್ಷಗಳ ಮೇಲೆ, 2008ರಲ್ಲಿ, ನಾಗಪ್ಪನ್, ಮರ್ಫಿ ಮತ್ತು ಬಸಿಲಿ ಎಂಬ ಸಂಶೋಧಕರು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ವಿಸ್ತಾವನ್ನು ಕೈಗೆತ್ತಿಕೊಂಡರು. ಒಂದು ಭಾಗವನ್ನು ಎಷ್ಟು ಜನ ಮುಟ್ಟಿದ್ದಾರೆ, ಅವರಲ್ಲಿ ಎಷ್ಟು ಜನ ಬಿಟ್ಟುಹೋಗಿದ್ದಾರೆ, ಅದರ ಹೊಣೆ ಅಧಿಕಾರದ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದೆಲ್ಲ ಲೆಕ್ಕ ಹಾಕಿದರು. ದೋಷ ಬರುತ್ತದೆ ಎಂದು ಈ ಲೆಕ್ಕ ಬೆರಳು ಮಾಡಿದ ಭಾಗಗಳಲ್ಲಿ ಶೇ. 86ರಷ್ಟು ನಿಜಕ್ಕೂ ದೋಷದವೇ ಆಗಿದ್ದವು. ಕೋಡಿನ ಜಟಿಲತೆಯನ್ನು ಅಳೆಯುವ ಮಾಪನಗಳು ಇದಕ್ಕಿಂತ ಹಿಂದೆ ಬಿದ್ದವು. ಕೋಡಿನ ಭವಿಷ್ಯವನ್ನು ಕೋಡಿಗಿಂತ ಚೆನ್ನಾಗಿ ಹೇಳಿದ್ದು ಅದನ್ನು ಬರೆದ ಜನರ ಸಂಬಂಧಗಳು.

ಸಂಶೋಧಕಿ ರಶೀನಾ ಹೋಡಾ ನ್ಯೂಜಿಲೆಂಡ್ ಮತ್ತು ಭಾರತದ 23 ಸಂಸ್ಥೆಗಳ 58 ಜನರ ಜೊತೆ ಮಾತಾಡಿದರು, ಕೆಲಸದ ಜಾಗಕ್ಕೇ ಹೋಗಿ ನೋಡಿದರು. ಸಣ್ಣ ಸಣ್ಣ ಹಂತಗಳಲ್ಲಿ ಕೆಲಸ ಮಾಡುವ ಅಜೈಲ್ ತಂಡಗಳಲ್ಲಿ ಯಾರೂ ನೇಮಿಸದ ಪಾತ್ರಗಳು ತಾವಾಗಿ ಹುಟ್ಟಿಕೊಂಡಿರುವುದನ್ನು ಗುರುತಿಸಿದರು. ಗ್ರಾಹಕರ ವ್ಯವಹಾರದ ಮಾತನ್ನು ಎಂಜಿನಿಯರ್‌ಗಳ ಭಾಷೆಗೆ ತರುವ 'ಅನುವಾದಕ' ಅಂಥದೊಂದು ಪಾತ್ರ. ಬೆಂಗಳೂರಿನ ಯಾವ ತಂಡದಲ್ಲಿ ಅಂಥವರೊಬ್ಬರಿಲ್ಲ? ಅವರು ರಜೆ ಹಾಕಿದ ವಾರ ಎಲ್ಲ ಕೆಲಸವೂ ತಡವಾಗುತ್ತದೆ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ 'ಸೀನಿಯರ್ ಎಂಜಿನಿಯರ್' ಎಂದಷ್ಟೇ ಇರುತ್ತದೆ.

ಸಂಖ್ಯೆ ಸುಳ್ಳು ಹೇಳುವುದಿಲ್ಲ ಎನ್ನುವವರಿಗೆ ಇನ್ನೊಂದು ಸಂಗತಿ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಗ್ (ದೋಷ) ಕಡಿಮೆ ಎಂದು ತಿಳಿಯಲು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ 729 ಪ್ರಾಜೆಕ್ಟ್‌ಗಳನ್ನು ಜರಡಿ ಹಿಡಿದ ಅಧ್ಯಯನವೊಂದು 2014ರಲ್ಲಿ ಬಂತು, ಹೆಸರೂ ಮಾಡಿತು. 2019ರಲ್ಲಿ ಬೇರೆ ತಂಡವೊಂದು ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಅದರ ಬಹುಪಾಲು ತೀರ್ಮಾನಗಳು ನಿಲ್ಲಲಿಲ್ಲ. ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯವು ಎಂದು ಎಣಿಸಿದ್ದ ಕಡತಗಳಲ್ಲಿ ಹಲವು ಟೈಪ್‌ಸ್ಕ್ರಿಪ್ಟೇ ಅಲ್ಲ, ತೆರೆಯ ಮೇಲಿನ ಪದಗಳ ಅನುವಾದವನ್ನು ಇಟ್ಟ ಕಡತಗಳು. ಹೆಸರಿನ ಬಾಲ ಮಾತ್ರ ಒಂದೇ ಆಗಿತ್ತು. ಆ ಪ್ರಾಜೆಕ್ಟ್‌ನವರೊಬ್ಬರ ಜೊತೆ ಅರ್ಧ ಗಂಟೆ ಕೂತಿದ್ದರೆ ಈ ತಪ್ಪು ಅಂದೇ ಸಿಗುತ್ತಿತ್ತು.

ವಿರೋಧ: ಹೇಳಿದ್ದೆಲ್ಲ ನಡೆದದ್ದಲ್ಲ

2025ರಲ್ಲಿ ಅಮೆರಿಕದ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ 16 ಜನ ಅನುಭವಿ ಡೆವಲಪರ್‌ಗಳಿಗೆ ಅವರವರ ಪ್ರಾಜೆಕ್ಟ್‌ಗಳಿಂದಲೇ ಆರಿಸಿದ 246 ಕೆಲಸಗಳನ್ನು ಕೊಟ್ಟಿತು. ಯಾವುದಕ್ಕೆ ಎಐ ನೆರವು ಬಳಸಬಹುದು, ಯಾವುದಕ್ಕೆ ಬಳಸುವಂತಿಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಲಾಗಿತ್ತು. ಎಐಯಿಂದ ಸಮಯ ಶೇ. 24ರಷ್ಟು ಉಳಿಯುತ್ತದೆ ಎಂದು ಅವರು ಮೊದಲು ಅಂದಾಜಿಸಿದ್ದರು. ಎಲ್ಲ ಮುಗಿದ ಮೇಲೆ ಕೇಳಿದಾಗಲೂ ಶೇ. 20ರಷ್ಟು ಉಳಿಯಿತು ಎಂದರು. ಅಳತೆ ಹೇಳಿದ್ದು ಬೇರೆ: ಎಐ ಬಳಸಿದ ಕೆಲಸಗಳಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು.

ಅವರು ಸುಳ್ಳುಗಾರರಲ್ಲ. ತಮಗೆ ಅನಿಸಿದ್ದನ್ನೇ ಪ್ರಾಮಾಣಿಕವಾಗಿ ಹೇಳಿದರು. ಆ ಅಧ್ಯಯನ ಬರಿಯ ಸಂದರ್ಶನದಲ್ಲೇ ನಿಂತಿದ್ದರೆ 'ಎಐಯಿಂದ ವೇಗ ಹೆಚ್ಚುತ್ತದೆ, ಅನುಭವಿಗಳೇ ಒಪ್ಪಿದ್ದಾರೆ' ಎಂದು ಅಚ್ಚಾಗುತ್ತಿತ್ತು, ಅದನ್ನು ನಂಬಿ ಕಂಪನಿಗಳು ದುಡ್ಡು ಸುರಿಯುತ್ತಿದ್ದವು. ನನ್ನ ಮುಖ್ಯ ಆಕ್ಷೇಪ ಇದೇ. ತನ್ನ ಕೆಲಸದ ಬಗ್ಗೆ ಮನುಷ್ಯ ಕೊಡುವ ಸಾಕ್ಷ್ಯ ದುರ್ಬಲ. ಕೆಲಸದ ಗುರುತು ಬೇರೆಡೆ ನಿಮಿಷ ನಿಮಿಷಕ್ಕೂ ಉಳಿಯುವ ಈ ಕ್ಷೇತ್ರದಲ್ಲಿ ಅದನ್ನೇ ನೆಚ್ಚಿಕೊಳ್ಳಬೇಕಾದ ಅಗತ್ಯವಿಲ್ಲ.

ಪರವಾಗಿ ಬರೆದವರು ಕೊಟ್ಟ ಉದಾಹರಣೆಗಳನ್ನೇ ತೆಗೆದುಕೊಳ್ಳಿ. ವಿಸ್ತಾದ ಅಧ್ಯಯನದ ಫಲ ಬಂದದ್ದು ಯಾರನ್ನೋ ಕೂರಿಸಿ ಮಾತಾಡಿಸಿದ್ದರಿಂದಲ್ಲ, ಕಂಪನಿಯ ದಾಖಲೆಗಳಿಂದ ಎಣಿಸಿದ್ದರಿಂದ. ಗಿಟ್‌ಹಬ್ ಅಧ್ಯಯನದ ತಪ್ಪು ಸಿಕ್ಕಿದ್ದೂ ದತ್ತಾಂಶವನ್ನು ಮತ್ತೆ ಬಿಚ್ಚಿ ನೋಡಿದ್ದರಿಂದಲೇ. ಸಂಖ್ಯೆಯ ತಪ್ಪನ್ನು ಐದು ವರ್ಷಗಳ ಮೇಲೆ ಬೇರೆಯವರು ಹಿಡಿಯಬಲ್ಲರು. ಆ ಹುಡುಗಿಯ ಅಂಜಿಕೆಯ ಬಗ್ಗೆ ಬರೆದದ್ದು ತಪ್ಪಾಗಿದ್ದರೆ ಹಿಡಿಯುವವರು ಯಾರು?

ಕಂಪನಿಯೊಳಗೆ ಸಂದರ್ಶನ ಹೇಗೆ ನಡೆಯುತ್ತದೆ ಎಂದು ನಾನು ಹತ್ತಿರದಿಂದ ಬಲ್ಲೆ. ಎಚ್ಆರ್‌ನಿಂದ ಮೇಲ್ ಬರುತ್ತದೆ. ಯಾರು ಮಾತಾಡಬೇಕೆಂದು ಮ್ಯಾನೇಜರ್ ಆರಿಸುತ್ತಾರೆ. ನನ್ನ ಸರದಿಯಲ್ಲಿ ಗಾಜಿನ ಗೋಡೆಯ ಕೋಣೆಯಲ್ಲಿ ಕೂರಿಸಿದ್ದರು. ಮೇಜಿನ ಮೇಲಿದ್ದ ಫೋನಿನಲ್ಲಿ ಕೆಂಪು ಚುಕ್ಕೆ, ಗಾಜಿನಾಚೆ ಓಡಾಡುತ್ತಿದ್ದ ಮ್ಯಾನೇಜರ್. 'ನಮ್ಮ ಟೀಮಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು ಮೇಡಂ' ಅಂದೆ. ಹಾಗಿರಲಿಲ್ಲ. ಅಪ್ರೈಸಲ್‌ಗೆ ಮೂರು ವಾರವಿತ್ತು. ಆ ವಾಕ್ಯ ಈಗಲೂ ಯಾವುದೋ ಪ್ರಬಂಧದಲ್ಲಿ ಸಾಕ್ಷಿಯಾಗಿ ನಿಂತಿರಬಹುದು ಎಂದು ನೆನೆದಾಗಲೆಲ್ಲ ಕಸಿವಿಸಿಯಾಗುತ್ತದೆ. ಊರಿನಲ್ಲಿ ಉಳಿದು ನೋಡಿ ಎನ್ನುತ್ತೀರಿ. ರಾಮಪುರಕ್ಕೆ ಹೋಗಲು ಶ್ರೀನಿವಾಸ್ ಅವರು ಗೇಟಿನಲ್ಲಿ ಪಾಸ್ ತೋರಿಸಬೇಕಿರಲಿಲ್ಲ, ಗೌಪ್ಯತೆಯ ಕರಾರಿಗೆ ಸಹಿ ಹಾಕಬೇಕಿರಲಿಲ್ಲ.

ವಿಧಾನವನ್ನು ಎರವಲು ತರುವುದು ಸುಲಭ, ಅದರ ಸಾಧನೆ ಕಷ್ಟ. ಕಂಡು ಕೇಳಿದ್ದರಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿ ಎಂಬ ವಿಧಾನವನ್ನು ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರೌಸ್ 1967ರಲ್ಲಿ ಮುಂದಿಟ್ಟದ್ದು ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಸಾವಿನಂಚಿನ ರೋಗಿಗಳ ನಡುವೆ ಮಾಡಿದ ಕೆಲಸದ ಬಲದಿಂದ. ಅದೇ ಹೆಸರು ಹೇಳಿಕೊಂಡ ಸಾಫ್ಟ್‌ವೇರ್ ಸಂಶೋಧನೆಯ 98 ಲೇಖನಗಳನ್ನು ಸ್ಟೋಲ್, ರಾಲ್ಫ್ ಮತ್ತು ಫಿಟ್ಜ್‌ಜೆರಾಲ್ಡ್ 2016ರಲ್ಲಿ ಪರಿಶೀಲಿಸಿದರು. ತಾವು ಮಾಡಿದ್ದೇನು ಎಂದು ವಿವರವಾಗಿ ಬರೆದಿದ್ದವು 16 ಮಾತ್ರ. ಹನ್ನೆರಡು ಸಂದರ್ಶನ ಮಾಡಿ, ವಾಕ್ಯಗಳಿಗೆ ಬಣ್ಣ ಹಚ್ಚಿ, ನಾಲ್ಕು ಡಬ್ಬಿಗಳ ಚಿತ್ರ ಬರೆದರೆ ಸಿದ್ಧಾಂತವಾಗುವುದಿಲ್ಲ. ಮನುಷ್ಯರನ್ನೇ ಅಧ್ಯಯನ ಮಾಡುವ ಮನೋವಿಜ್ಞಾನದ ಪಾಡೂ ಗೊತ್ತಿರುವಂಥದ್ದೇ: 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಗಟ್ಟಿ ಫಲಿತಾಂಶ ಕೊಟ್ಟವು ಶೇ. 36ರಷ್ಟು.

ಇದಕ್ಕಿಂತ ನೋವಿನ ಸಂಗತಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನದು. ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಅದರ ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗಳು ಹಿಡಿಯುತ್ತಾರೋ ಇಲ್ಲವೋ ನೋಡೋಣ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸುಳ್ಳು ಹೆಸರಿನಲ್ಲಿ ಪ್ಯಾಚ್ ಕಳಿಸಿದರು. ಇದು ಮನುಷ್ಯರ ಮೇಲಿನ ಸಂಶೋಧನೆಯೇ ಅಲ್ಲ ಎಂದು ವಿಶ್ವವಿದ್ಯಾಲಯದ ನೈತಿಕ ಸಮಿತಿ ಹೇಳಿಬಿಟ್ಟಿತು. ಪ್ಯಾಚ್ ಓದಿ, ತಿದ್ದಿ, ಉತ್ತರ ಬರೆದವರು ಮನುಷ್ಯರಲ್ಲದೆ ಮತ್ತಾರು? 2021ರ ಏಪ್ರಿಲ್‌ನಲ್ಲಿ ಆ ವಿಶ್ವವಿದ್ಯಾಲಯದಿಂದ ಬರುವ ಪ್ಯಾಚ್‌ಗಳಿಗೆ ಬಾಗಿಲು ಹಾಕಲಾಯಿತು, ಸಂಶೋಧಕರು ಪ್ರಬಂಧವನ್ನು ಹಿಂದಕ್ಕೆ ಪಡೆದರು. ಅಲ್ಲಿನವರು ಹಿಂದೆ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದವೂ ಸೇರಿ 435 ಬದಲಾವಣೆಗಳನ್ನು ಮೇಂಟೇನರ್‌ಗಳು ತಮ್ಮ ಕೆಲಸ ಬದಿಗಿಟ್ಟು ಮತ್ತೆ ಒಂದೊಂದಾಗಿ ತೆರೆದು ನೋಡಬೇಕಾಯಿತು.