ಅದು ಬೇರೆ ಲೆಕ್ಕ

ಉಪ್ಪಳದ ನಮ್ಮ ಭಾವ ಪೆಟ್ರೋಲ್ ತುಂಬಿಸಲು ತಲಪಾಡಿಗೆ ಹೋಗುತ್ತಾರೆ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಬಂಕ್ ಉಂಟು. ಆದರೆ ಅದು ಕೇರಳದ ಬಂಕ್. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ನಾಲ್ಕೈದು ರೂಪಾಯಿ ಕಮ್ಮಿ. ಸ್ಕೂಟರಿಗೆ 4 ಲೀಟರ್ ಹಿಡಿದರೆ 20 ರೂಪಾಯಿ ಉಳಿತಾಯ. ಹೋಗಿಬರುವ 24 ಕಿಲೋಮೀಟರಿಗೆ ಅರ್ಧ ಲೀಟರ್, ಅಂದರೆ 50 ರೂಪಾಯಿ ಹೊಗೆ. ಮೇಲಿಂದ ಒಂದು ಪ್ಲೇಟು ಗೋಳಿಬಜೆ, ಒಂದು ಚಾ.

"ಇದರಲ್ಲಿ ಉಳಿದದ್ದೆಂತ ಭಾವ?"

"ಗೋಳಿಬಜೆ ಬೇರೆ ಲೆಕ್ಕ ಮಾರಾಯ."

ಈ ‘ಬೇರೆ ಲೆಕ್ಕ’ದ ಮೇಲೆ ಶಾಸ್ತ್ರವನ್ನೇ ಕಟ್ಟಿದ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 2017ರಲ್ಲಿ ನೊಬೆಲ್ ಹೊಡೆದರು. ಸಾಸಿವೆ ಡಬ್ಬಿಯ ದುಡ್ಡನ್ನು ಜೀರಿಗೆ ಡಬ್ಬಿಗೆ ಹಾಕಗೊಡದ ನಮ್ಮ ಅಜ್ಜಿಗೆ ಸ್ಟಾಕ್‌ಹೋಮಿನ ವಿಳಾಸ ಗೊತ್ತಿರಲಿಲ್ಲ, ಅಷ್ಟೆ.

ಟ್ವರ್ಸ್ಕಿ, ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರ ಜೋಡಿ 1981ರಲ್ಲಿ ಒಂದು ಪ್ರಶ್ನೆ ಕೇಳಿತ್ತು: 15 ಡಾಲರಿನ ಕ್ಯಾಲ್ಕುಲೇಟರ್ 20 ನಿಮಿಷ ದೂರದ ಅಂಗಡಿಯಲ್ಲಿ 5 ಡಾಲರ್ ಅಗ್ಗ, ಹೋಗುತ್ತೀರಾ? ನೂರಕ್ಕೆ 68 ಮಂದಿ ಹೊರಟರು. ಅದೇ 5 ಡಾಲರ್ 125 ಡಾಲರಿನ ಸಾಮಾನಿನಲ್ಲಿ ಉಳಿಯುತ್ತದೆ ಎಂದಾಗ ಎದ್ದವರು 29 ಮಂದಿ. ಭಾವ ಸ್ಕೂಟರ್ ಕೊಂಡ ದಿನ ಸೀಟ್ ಕವರು, ಗಾರ್ಡು ಎಂದು ಬಿಲ್ಲಿಗೆ 1,800 ರೂಪಾಯಿ ಸೇರಿಸಿದ್ದರು. ಭಾವ ತುಟಿಪಿಟಕ್ಕೆನ್ನದೆ ಕೊಟ್ಟರು. ಲಕ್ಷದ ಎದುರು ಅದೆಂತ ದೊಡ್ಡದು?

ನಾನು ನಗುವ ಹಾಗಿಲ್ಲ. ನನ್ನ ಅಟ್ಟದಲ್ಲಿ ಹಳೆ ಚಾಲಿ ಅಡಿಕೆ ಗೋಣಿಯೊಳಗೆ ಹುಳ ಹಿಡಿಯುತ್ತಿದೆ. 2021ರಲ್ಲಿ ಕಿಲೋಗೆ 500 ಕಂಡ ಕಣ್ಣಿಗೆ ಅದಕ್ಕಿಂತ ಕೆಳಗಿನದೆಲ್ಲ ನಷ್ಟವೇ.

2023ರಲ್ಲಿ ಕೇರಳ ಸರಕಾರ ಪೆಟ್ರೋಲಿಗೆ 2 ರೂಪಾಯಿ ಸೆಸ್ ಹಾಕಿದಾಗ ಭಾವ ಹಾಕಿದ ಬೊಬ್ಬೆ ಚಂದ್ರಗಿರಿ ಹೊಳೆಯ ಆಚೆಗೂ ಕೇಳಿರಬೇಕು. ಅದೇ ಸರಕಾರದ ಓಣಂ ಬಂಪರ್ ಲಾಟರಿ ಟಿಕೆಟಿಗೆ 500 ರೂಪಾಯಿ. ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ದೇವರ ಫೋಟೋದ ಹಿಂದೆ ಇಡುತ್ತಾರೆ. ತೆರಿಗೆ ಎಂದು ಕೇಳಿದರೆ ಧರಣಿ, ಅದೃಷ್ಟ ಎಂದು ಕೇಳಿದರೆ ಕ್ಯೂ. ಎಳ್ಳಷ್ಟು ಸಾಧ್ಯತೆಯನ್ನು ಮನುಷ್ಯ ಕುಂಬಳಕಾಯಿಯಷ್ಟು ಕಾಣುತ್ತಾನೆಂದು ಅದೇ ಜೋಡಿ ಬರೆದದ್ದು 1979ರಲ್ಲಿ. ಕೇರಳ ಲಾಟರಿ ಇಲಾಖೆ ಹುಟ್ಟಿದ್ದು 1967ರಲ್ಲಿ. ನೊಬೆಲ್ ಯಾರಿಗೆ ಸಲ್ಲಬೇಕಿತ್ತೆಂದು ನೀವೇ ಹೇಳಿ.

2024ರ ಬಂಪರಿನಲ್ಲಿ 71 ಲಕ್ಷಕ್ಕೂ ಮೇಲೆ ಟಿಕೆಟ್ ಮಾರಿಹೋಯಿತು. 25 ಕೋಟಿ ಒಬ್ಬರಿಗೆ, ಅವರೂ ಮಂಡ್ಯ ಕಡೆಯವರು. ಬರಿಗೈಯಾದ ಲಕ್ಷಗಟ್ಟಲೆ ಜನರ ಫೋಟೋ ಯಾವ ಪತ್ರಿಕೆಯೂ ಹಾಕಲಿಲ್ಲ, ಹಾಕಲು ಪುಟ ಸಾಲದು. ಹಾಗಾಗಿ 2007ರಲ್ಲೇ ಲಾಟರಿ ನಿಷೇಧಿಸಿದ ಕರ್ನಾಟಕದಿಂದ ಜನ ಈಚೆ ಬರುತ್ತಾರೆ, ನಾವು ಆಚೆ ಹೋಗುತ್ತೇವೆ. ಚಂದ್ರಗಿರಿಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿ 1967ರಿಂದ ಧೂಳು ತಿನ್ನುತ್ತಿದ್ದರೂ ಭಾವನ ಸ್ಕೂಟರ್ ಮಾತ್ರ ವಾರಕ್ಕೊಮ್ಮೆ ವಿಲೀನವಾಗಿ ಬರುತ್ತದೆ.

ಮೊನ್ನೆ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಪೆಟ್ರೋಲ್ ತುಂಬಿಸಿ ಬರುವಾಗ ಗಡಿಯ ಈಚೆ ಲಾಟರಿ ಅಂಗಡಿಯಲ್ಲಿ ನಿಂತೆವು. ತೊಕ್ಕೊಟ್ಟಿನಿಂದ ಬೈಕಿನಲ್ಲಿ ಬಂದ ಒಬ್ಬರು ಟಿಕೆಟಿನ ಕೊನೆಯ ಅಂಕೆಗಳನ್ನು ಬೆಂಡೆಕಾಯಿ ಆರಿಸುವ ಹಾಗೆ ಆರಿಸುತ್ತಿದ್ದರು. ಭಾವನಿಗೆ ಕನಿಕರ ಉಕ್ಕಿತು.

"ಒಂದು ಟಿಕೆಟಿಗೆ ಅಲ್ಲಿಂದ ಇಲ್ಲಿಗಾ? ಪೆಟ್ರೋಲ್ ದಂಡ ಅಲ್ವಾ ಮಾರಾಯ್ರೆ?"

ಅವರು ತಲೆ ಎತ್ತಲಿಲ್ಲ. "ಪೆಟ್ರೋಲ್ ಬೇರೆ ಲೆಕ್ಕ."

"ಅದೂ ಹೌದು" ಎಂದು ಭಾವ ಪಕ್ಕಕ್ಕೆ ಸರಿದು, ಅವರು ಬಿಟ್ಟ ಟಿಕೆಟುಗಳನ್ನು ಆರಿಸತೊಡಗಿದರು.