ಯಾರಾದ್ರೂ ಇದ್ರೆ ಹೇಳಿ, ಅಂತೆ!

ತಂಗಿ ಮಗ ಅಮೆರಿಕದಲ್ಲಿ ವಿಮಾನ ಹಾರಿಸೋದು ಕಲೀತಿದಾನೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಈಗ ರಜೆಗೆ ಬಂದಿದಾನೆ. ನಿನ್ನೆ ರಾತ್ರಿ ಮಲ್ಲೇಶ್ವರದ ಅವರ ಮನೇಲಿ ಊಟ ಆದ ಮೇಲೆ ಕಾಕ್‌ಪಿಟ್‌ನಲ್ಲಿ ತೆಗೆದ ವಿಡಿಯೋ ಒಂದನ್ನ ಟಿವಿಗೆ ಹಾಕಿದ. ಒಂದೇ ರನ್‌ವೇ ಇರೋ ಸಣ್ಣ ಏರ್‌ಪೋರ್ಟ್, ಯಾರು ಯಾವಾಗ ಇಳೀಬೇಕು ಅಂತ ಹೇಳೋ ಕಂಟ್ರೋಲ್ ಟವರ್ ಇಲ್ಲ. ಪುಟಾಣಿ ವಿಮಾನಗಳು ಒಂದರ ಹಿಂದೆ ಒಂದು ಸುತ್ತು ಹಾಕ್ತಾ ಇಳೀತಾ ಇವೆ. ತಂಗಿ, ಅವಳ ಅತ್ತೆ ಎಲ್ಲ ಬೆಟ್ಟ ಗುಡ್ಡ ನೋಡ್ತಿದ್ರೆ ನಾನು ಹಳೇ ಚಾಳಿಯಂತೆ ಪೈಲಟ್‌ಗಳು ರೇಡಿಯೋದಲ್ಲಿ ಆಡೋ ಮಾತು ಕೇಳ್ತಿದ್ದೆ. ಅಷ್ಟರಲ್ಲಿ ಹೊಸ ದನಿಯೊಂದು ಬಂತು. ಹತ್ತು ಮೈಲಿ ಆಚೆ ಇದೀನಿ, ನೇರ ಬಂದು ಇಳೀತೀನಿ, ಅಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.

ಪಿತ್ತ ನೆತ್ತಿಗೇರಿತು ನನಗೆ. ಇಷ್ಟು ಹೊತ್ತೂ ಅಲ್ಲಿದ್ದವರೆಲ್ಲ ಹೇಳ್ತಾನೇ ಇದ್ರಲ್ಲಪ್ಪ! ನಾನು ಡೌನ್‌ವಿಂಡ್, ನಾನು ಬೇಸ್, ನಾನು ಫೈನಲ್ ಅಂತ, ಅಂದ್ರೆ ಇಳಿಯೋ ಸುತ್ತಿನಲ್ಲಿ ಯಾವ ಹಂತದಲ್ಲಿದೀನಿ ಅಂತ. ಈ ಮಹಾನುಭಾವ ಆಗ ಕಿವಿ ಎಲ್ಲಿಟ್ಟಿದ್ದ? ಈಗ ಇವನೊಬ್ಬನಿಗೋಸ್ಕರ ಎಲ್ಲರೂ ಮೊದಲಿಂದ ಹಾಜರಿ ಹೇಳಬೇಕು. ಹೇಳೋಕೆ ಹೋಗಿ ಇಬ್ಬರು ಒಟ್ಟಿಗೆ ಮೈಕ್ ಒತ್ತಿದರು. ಕೀಂ ಅಂತ ಕಿವಿ ಕೊರೆಯೋ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಅಲ್ಲಿ ಇದೆಲ್ಲ ಕಾಮನ್ ಮಾಮ," ಅಂದು ನಕ್ಕ ನಮ್ಮ ಹುಡುಗ.

ಕಾಮನ್ ಅಂತೆ. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ಮಾರ್ಗದರ್ಶಿಯಲ್ಲೇ ಈ "ಯಾರಾದರೂ ಇದ್ದರೆ ತಿಳಿಸಿ" ಅನ್ನೋ ಸಾಲು ಬಳಸಬೇಡಿ ಅಂತ ಬರೆದಿದೆ ಕಣ್ರೀ. ಬರೆದರೂ ನಿಂತಿಲ್ಲ.

ಟವರ್ ಇಲ್ಲ ಅಂದ ತಕ್ಷಣ ಅಯ್ಯಯ್ಯೋ ಅನ್ನೋರಿಗೆ ಒಂದು ಮಾತು. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ. ಟವರ್ ಇರೋದು ಹೆಚ್ಚುಕಡಿಮೆ ಹತ್ತರಲ್ಲಿ ಒಂದಕ್ಕೆ. ಉಳಿದ ಕಡೆ ಪೈಲಟ್‌ಗಳೇ ಒಂದು ಫ್ರೀಕ್ವೆನ್ಸಿಯಲ್ಲಿ ತಂತಮ್ಮ ಜಾಗ ಹೇಳ್ಕೊಂಡು, ಕಿಟಕಿಯಾಚೆ ನೋಡ್ಕೊಂಡು, ಹೊಂದಿಸ್ಕೊಂಡು ಹೋಗ್ತಾರೆ. ಹತ್ತಿರ ಹತ್ತಿರದ ಏರ್‌ಪೋರ್ಟ್‌ಗಳು ಒಂದೇ ಫ್ರೀಕ್ವೆನ್ಸಿ ಹಂಚಿಕೊಂಡಿರ್ತಾವೆ. ಅದಕ್ಕೇ ಊರಿನ ಹೆಸರನ್ನ ಮಾತಿನ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಹೇಳೋದು. ಇನ್ನು ಕೆಲವು ಹಳೇ ವಿಮಾನಗಳಲ್ಲಿ ರೇಡಿಯೋನೇ ಇರಲ್ಲ, ಅಂಥ ಕಡೆ ಅದು ಕಡ್ಡಾಯವೂ ಅಲ್ಲ. ಆದರೂ ದಿನ ಬೆಳಗಾದರೆ ಸಾವಿರಾರು ವಿಮಾನಗಳು ಸುರಕ್ಷಿತವಾಗಿ ಏರಿ ಇಳೀತಾವೆ. ನಿಜ ಹೇಳ್ಬೇಕಂದ್ರೆ ಇದನ್ನ ನೆನೆಸಿಕೊಂಡಾಗೆಲ್ಲ ನನಗೆ ಒಂಚೂರು ಹೊಟ್ಟೆಕಿಚ್ಚು. ಟವರಿನಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡವನು ನಾನು. ನಾವಿಲ್ಲದೆಯೂ ನಡೆಯುತ್ತೆ ಅಂದ್ರೆ ಯಾರಿಗೆ ತಾನೇ ಖುಷಿ?

ನಡೆಯುತ್ತೆ, ಎಲ್ಲರೂ ಕೇಳಿಸ್ಕೊಳ್ಳೋ ತನಕ. ನನ್ನ ತಕರಾರು ಇಷ್ಟೇ. ಬಹಳ ಜನರಿಗೆ ರೇಡಿಯೋ ಅಂದ್ರೆ ನಮ್ಮ ಊರಿನ ಹಾರ್ನ್ ಇದ್ದ ಹಾಗೆ. ತಿರುವಿನಲ್ಲಿ ಪೀಂ ಅಂತ ಒತ್ತಿಬಿಟ್ಟರೆ ಆಯ್ತು, ಇನ್ನು ನೋಡೋ ಜವಾಬ್ದಾರಿ ಎದುರಿಗಿರೋನದು.

1996ರ ನವೆಂಬರ್ 19. ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ. ಅದರ ಹಿಂದಿನ ವಾರವಷ್ಟೇ, ನವೆಂಬರ್ 12ಕ್ಕೆ, ನಮ್ಮ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದು 349 ಜನ ಹೋಗಿದ್ದರು. ಇಲ್ಲಿ ನಮಗೆ ಬೇರೆ ಯಾವ ಸುದ್ದಿಯೂ ತಲೆಗೆ ಹತ್ತೋ ಸ್ಥಿತಿ ಇರಲಿಲ್ಲ. ಕ್ವಿನ್ಸಿಯ ವರದಿ ಕೈಗೆ ಸಿಕ್ಕಿದ್ದು ಎಷ್ಟೋ ಆಮೇಲೆ. ಅವತ್ತಿಂದ ಅದು ತಲೇಲಿ ಕೂತುಬಿಟ್ಟಿದೆ.

ಕ್ವಿನ್ಸಿಯಲ್ಲಿ ಒಂದನ್ನೊಂದು ಅಡ್ಡ ಹಾಯೋ ರನ್‌ವೇಗಳು, ಟವರ್ ಇಲ್ಲ. ಸಂಜೆ ಹೊತ್ತು. ಪ್ರಯಾಣಿಕರಿದ್ದ ಬೀಚ್‌ಕ್ರಾಫ್ಟ್ 1900 ವಿಮಾನ ರನ್‌ವೇ 13ರಲ್ಲಿ ಇಳಿಯೋಕೆ ಬರ್ತಿದೆ. ಅದನ್ನ ಅಡ್ಡ ಹಾಯೋ ರನ್‌ವೇ 04ರ ತುದಿಯಲ್ಲಿ ಹೊರಡೋಕೆ ನಿಂತ ಒಂದು ಕಿಂಗ್ ಏರ್ ವಿಮಾನ, ಅದರ ಹಿಂದೆ ಒಂದು ಪುಟ್ಟ ಚೆರೋಕೀ ವಿಮಾನ. ಇಳಿಯೋ ವಿಮಾನದ ಕ್ಯಾಪ್ಟನ್ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: ರನ್‌ವೇ 04ರಲ್ಲಿರೋ ವಿಮಾನ ಈಗ ಹೊರಡುತ್ತಾ, ನಿಲ್ಲುತ್ತಾ? ಕಿಂಗ್ ಏರ್ ಉಸಿರೇ ಎತ್ತಲಿಲ್ಲ. ಹಿಂದಿದ್ದ ಚೆರೋಕೀಯವನು, ನಾನು ಕಾಯ್ತಿದೀನಿ ಅನ್ನೋ ಅರ್ಥದಲ್ಲಿ ಏನೋ ಹೇಳಿದ. ಸರಿಯಾಗಿ ಅದೇ ಕ್ಷಣಕ್ಕೆ ಕ್ಯಾಪ್ಟನ್ ಕಾಕ್‌ಪಿಟ್‌ನಲ್ಲಿ ಎತ್ತರ ಹೇಳೋ ಯಂತ್ರ ಕೂಗಿ, ಆ ಮಾತು ಅರ್ಧಕ್ಕೇ ಮುಳುಗಿಹೋಯಿತು. ಉತ್ತರ ಕೊಟ್ಟಿದ್ದು ಕಿಂಗ್ ಏರ್ ಅಂತಲೇ ಅವರು ತಿಳಿದರು. ಥ್ಯಾಂಕ್ಸ್ ಬೇರೆ ಹೇಳಿದರು ಪಾಪ. ಅಲ್ಲಪ್ಪಾ, ನಾನು ಕಿಂಗ್ ಏರ್ ಅಲ್ಲ ಅಂತ ಚೆರೋಕೀಯವನು ತಿದ್ದಲಿಲ್ಲ. ಕಿಂಗ್ ಏರ್ ಒಂದು ಮಾತೂ ಹೇಳದೆ ಓಟ ಶುರು ಮಾಡಿತು. ಎರಡೂ ರನ್‌ವೇ ಕೂಡೋ ಜಾಗದಲ್ಲಿ ಡಿಕ್ಕಿ.

ಡಿಕ್ಕಿಗೇ ಎಲ್ಲರೂ ಸತ್ತಿದ್ದರೆ ಬಹುಶಃ ನನ್ನನ್ನ ಇಷ್ಟು ಕಾಡ್ತಿರಲಿಲ್ಲ. ಓಡಿ ಬಂದವರಿಗೆ ಒಳಗಿನ ಕ್ಯಾಪ್ಟನ್ ಬಾಗಿಲು ತೆಗೀರಿ ಅಂದದ್ದು ಕೇಳಿಸಿತ್ತು. ಬಾಗಿಲು ತೆರೀಲಿಲ್ಲ. ಬೆಂಕಿ, ಹೊಗೆ. ಬೀಚ್‌ಕ್ರಾಫ್ಟ್‌ನಲ್ಲಿದ್ದ 12, ಕಿಂಗ್ ಏರ್‌ನಲ್ಲಿದ್ದ 2, ಒಟ್ಟು 14 ಜನ, ಒಬ್ಬರೂ ಉಳೀಲಿಲ್ಲ. ಕಿಂಗ್ ಏರ್‌ನವರು ಫ್ರೀಕ್ವೆನ್ಸಿ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ, ಆಚೀಚೆ ಸರಿಯಾಗಿ ನೋಡಲಿಲ್ಲ ಅಂತಲೇ ತನಿಖಾ ವರದಿ ಬರೆದಿದ್ದು. ಮಾತು ಅರ್ಧ ಕೇಳಿದಾಗ "ಈಗ ಮಾತಾಡಿದ್ದು ಯಾರು?" ಅಂತ ಇನ್ನೊಂದ್ಸಲ ಕೇಳಿದ್ದರೆ? ಎರಡು ಸೆಕೆಂಡಿನ ಕೆಲಸ. ಈ ಪ್ರಶ್ನೆಯನ್ನ ನಾನು ಆ ಕ್ಯಾಪ್ಟನ್‌ಗೆ ಮನಸ್ಸಿನಲ್ಲೇ ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ಕೂತ ಕುರ್ಚಿಯಿಂದ ಕೇಳೋದು ಸುಲಭ, ಅದೂ ಗೊತ್ತು.

"ಅದು ಓಬೀರಾಯನ ಕಾಲದ್ದು ಮಾಮ, ಈಗ ಎಡಿಎಸ್-ಬಿ ಇದೆ, ಐಪ್ಯಾಡ್‌ನಲ್ಲೇ ಎಲ್ಲರೂ ಕಾಣ್ತಾರೆ," ಅಂದ ನಮ್ಮ ಹುಡುಗ. ವಿಮಾನ ತಾನೆಲ್ಲಿದೀನಿ ಅಂತ ತಾನೇ ಸಾರೋ ಯಂತ್ರ ಅದು. ಹೌದಪ್ಪಾ. ಮೊದಲನೇದಾಗಿ, ಅಂಥ ಸಣ್ಣ ಏರ್‌ಪೋರ್ಟ್‌ಗಳ ಸುತ್ತ ಬಹುಪಾಲು ಕಡೆ ಅದು ಕಡ್ಡಾಯವೇ ಅಲ್ಲ, ಆದ್ದರಿಂದ "ಎಲ್ಲರೂ" ಕಾಣಲ್ಲ. ಎರಡನೇದಾಗಿ, 2022ರ ಆಗಸ್ಟ್ 18ಕ್ಕೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಏನಾಯ್ತು? ಸೆಸ್ನಾ 152 ಸರದಿ ಪ್ರಕಾರ ಸುತ್ತು ಹಾಕಿ ಇಳಿಯೋಕೆ ಬರ್ತಿತ್ತು. ಎರಡು ಇಂಜಿನ್ನಿನ ಸೆಸ್ನಾ 340 ದೂರದಿಂದ ನೇರ ನುಗ್ಗಿತು, ವೇಗ 180 ನಾಟ್ ಆಸುಪಾಸು. ಇಬ್ಬರೂ ರೇಡಿಯೋದಲ್ಲಿ ತಮ್ಮ ಜಾಗ ಹೇಳಿದ್ದರು. ನೀನು ತುಂಬಾ ಜೋರಾಗಿ ಬರ್ತಿದೀಯ, ನಾನೇ ಮೇಲಕ್ಕೆ ಹೋಗ್ತೀನಿ ಅಂತ ಚಿಕ್ಕ ವಿಮಾನದವನು ಹೇಳಿಯೂ ಹೇಳಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೂರು ಜನ ಸತ್ತರು. ಇಲ್ಲಿ ಮಾತಿಗೆ ಬರವೇ ಇರಲಿಲ್ಲ ನೋಡಿ. ಸರದಿಯಲ್ಲಿ ಒಬ್ಬ ಇದಾನೆ ಅಂತ ಗೊತ್ತಾದ ಮೇಲೂ ಆ ದೊಡ್ಡ ವಿಮಾನ ವೇಗ ಇಳಿಸಿಲ್ಲ, ಪಕ್ಕಕ್ಕೂ ಸರಿದಿಲ್ಲ. ಕಿವಿಗೆ ಬಿದ್ದದ್ದು ಕೈಗೆ ಇಳೀದಿದ್ರೆ ಅದನ್ನ ಕೇಳಿಸ್ಕೊಂಡಿದ್ದು ಅಂತ ಹೇಗೆ ಅನ್ನೋದು?

ಇನ್ನು ಕೆಳಗೆ ಕಾಮೆಂಟ್‌ನಲ್ಲಿ "ಎಲ್ಲ ಕಡೆ ಟವರ್ ಕಟ್ಟಿದರಾಯ್ತು ಸಾರ್" ಅಂತ ಬರೆಯೋರು ಗ್ಯಾರಂಟಿ ಬರ್ತೀರಿ. ಬನ್ನಿ. ಟವರ್ ಇದ್ದ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲೇ 1977ರಲ್ಲಿ ರನ್‌ವೇ ಮೇಲೆ ಎರಡು ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತಿದ್ದು. ಅಲ್ಲೂ ಕೊನೇ ಗಳಿಗೆಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿ, ಕೇಳಲೇಬೇಕಿದ್ದ ಮಾತು ಅದೇ ಕೀಂ ಸದ್ದಿನಲ್ಲಿ ಹೋಯಿತು. 2024ರ ಜನವರಿ 2ಕ್ಕೆ ಟೋಕಿಯೋದ ಹನೆಡಾದಲ್ಲಿ ಟವರ್ ಇತ್ತು, ಜಪಾನಿನವರ ಶಿಸ್ತೂ ಇತ್ತು. ಆದರೂ ಕರಾವಳಿ ಕಾವಲು ಪಡೆಯ ವಿಮಾನ ರನ್‌ವೇಯೊಳಗೆ ಬಂದು ನಿಂತಿತು, ಇಳೀತಿದ್ದ ಪ್ರಯಾಣಿಕರ ವಿಮಾನ ಅದಕ್ಕೆ ಗುದ್ದಿ ಅದರಲ್ಲಿದ್ದ ಐವರು ಹೋದರು. ದೂರ ಯಾಕೆ, ನಮ್ಮ ಕೆಂಪೇಗೌಡ ನಿಲ್ದಾಣದಲ್ಲೇ 2022ರ ಜನವರಿಯಲ್ಲಿ ಅಕ್ಕಪಕ್ಕದ ಎರಡು ರನ್‌ವೇಯಿಂದ ಎರಡು ವಿಮಾನ ಒಟ್ಟಿಗೆ ಎದ್ದು ಹತ್ತಿರ ಹತ್ತಿರ ಬಂದಿದ್ದವು. ರೇಡಾರ್ ಮುಂದೆ ಕೂತಿದ್ದವರು ನೋಡಿ ಬೇರೆ ಮಾಡಿದರು. ಟವರ್ ಬೇಡ ಅಂತ ನಾನಂತೂ ಹೇಳಲ್ಲ, ನನ್ನ ಪೆನ್ಷನ್ ಅದರದ್ದೇ. ಆದರೆ ದಿನಕ್ಕೆ ನಾಲ್ಕು ವಿಮಾನ ಬರೋ ಕಡೆಗೆಲ್ಲ ಯಾರೂ ಟವರ್ ಕಟ್ಟಲ್ಲ. ಚುನಾವಣೆ ಬಂತು ಅಂದ್ರೆ ನಮ್ಮಲ್ಲೂ ಕಾಲೇಜು ಮೈದಾನಗಳಲ್ಲಿ ಸುಣ್ಣದಲ್ಲಿ ಒಂದು ಎಚ್ ಬರೆದು ಹೆಲಿಕಾಪ್ಟರ್ ಇಳಿಸ್ತಾರಲ್ಲ, ಅಲ್ಲಿಗೆ ಯಾವ ಟವರ್ ತರ್ತೀರಿ?

ಕಲಿಸೋವಾಗ ಎಲ್ಲ ಕಡೆ ಹೇಳೋದು ಏನು ಮಾತಾಡಬೇಕು ಅಂತ. ಹುಡುಗರು ಆ ಸಾಲುಗಳನ್ನ ಮಂತ್ರದ ಥರ ಬಾಯಿಪಾಠ ಮಾಡ್ತಾರೆ, ಬೇರೆಯವರು ಮಾತಾಡ್ತಿರೋವಾಗಲೂ ತುಟಿ ಅಲ್ಲಾಡಿಸ್ತಾ ತಮ್ಮ ಸಾಲನ್ನೇ ಜೋಡಿಸ್ಕೊತಿರ್ತಾರೆ. ಮೈಕ್ ಮುಟ್ಟದೆ ಒಂದರ್ಧ ಗಂಟೆ ಬರೀ ಕೇಳಿಸಿ ನೋಡಿ. ಕೈಗೊಂದು ಕಾಗದ ಕೊಡಿ, ಯಾರು ಎಲ್ಲಿದಾರೆ ಅಂತ ಚುಕ್ಕೆ ಇಡಲಿ. ಇಂಜಿನ್ ಓಡಿದಷ್ಟು ಹೊತ್ತೂ ಬಾಡಿಗೆ ಬೀಳುತ್ತೆ ಸಾರ್ ಅಂತ ರಾಗ ಎಳೀತಾರೆ. ಇಂಜಿನ್ ಯಾಕ್ರೀ ಬೇಕು? ಏರ್‌ಪೋರ್ಟ್ ಬೇಲಿ ಪಕ್ಕ ಒಂದು ಕುರ್ಚಿ, ಕೈಯಲ್ಲಿ ಹಿಡಿಯೋ ರೇಡಿಯೋ ಒಂದು, ಸಾಕು. ಅಮೆರಿಕದಲ್ಲಿ ಹಾಗೆ ಕೂತರೆ ಯಾರೂ ಏನೂ ಅನ್ನಲ್ಲ. ಇಲ್ಲಿ ಜಕ್ಕೂರಿನ ಬೇಲಿ ಪಕ್ಕ ಟ್ರೈ ಮಾಡೋಕೆ ಹೋಗಬೇಡಿ ಮತ್ತೆ, ಲೈಸೆನ್ಸ್ ಎಲ್ಲಿ ಅಂತ ಪೊಲೀಸಿನವರು ಕೇಳ್ತಾರೆ, ನೀವು ನನ್ನ ಹೆಸರು ಹೇಳ್ತೀರಿ.